ಸಂಶೋಧಕರ ಡಿಜಿಟಲ್ ಗುರುತಿನ ಸಂಖ್ಯೆ

ಸಂಶೋಧಕರ ಡಿಜಿಟಲ್ ಗುರುತಿನ ಸಂಖ್ಯೆ ಎಂದರೆ ವಿದ್ವತ್ ಬರಹಗಳನ್ನು ಪ್ರಕಟಿಸುವ ವ್ಯಕ್ತಿಯೊಬ್ಬರಿಗೆ ಜೀವನಪರ್ಯಂತ ಒಂದೇ ಆಗಿ ಉಳಿಯುವಂತೆ ನೀಡಲಾಗುವ, ಗಣಕಯಂತ್ರಗಳು ಓದಿ ಗುರುತಿಸಬಲ್ಲ ಸಂಖ್ಯೆ. ವ್ಯಕ್ತಿಯ ಹೆಸರು, ಉದ್ಯೋಗ, ಸಂಸ್ಥೆ, ಊರು ಇವುಗಳಲ್ಲಿ ಯಾವುದು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಇಂತಹ ಸಂಖ್ಯೆಗಳಲ್ಲಿ ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ಆರ್ಕಿಡ್. 'ಮುಕ್ತ ಸಂಶೋಧಕ ಹಾಗೂ ಕೊಡುಗೆದಾರರ ಗುರುತು' ಎಂಬ ಅರ್ಥದ ಇಂಗ್ಲಿಷ್ ಪದಪುಂಜದ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಉಚ್ಚಾರಣೆಯಲ್ಲಿ ಇದು ಸೀತಾಳೆ ದಂಡೆಯ ಜಾತಿಗೆ ಸೇರಿದ ಹೂವುಗಳ ಇಂಗ್ಲಿಷ್ ಹೆಸರಿಗೆ ಹತ್ತಿರವಾಗಿರುವುದರಿಂದ ಎರಡನ್ನೂ ಅಂತರಜಾಲದಲ್ಲಿ ಹುಡುಕುವವರಿಗೆ ಗೊಂದಲವಾಗುವುದುಂಟು. ಆರ್ಕಿಡ್ ಅಲ್ಲದೆ ಸ್ಕೋಪಸ್ ಲೇಖಕ ಸಂಖ್ಯೆ, ವೆಬ್ ಆಫ್ ಸೈನ್ಸ್‌ನ ರಿಸರ್ಚರ್‌ಐಡಿ, ಐಎಸ್‌ಎನ್‌ಐ, ಭಾರತದ ವಿದ್ವಾನ್ ಸಂಖ್ಯೆ ಮುಂತಾದವೂ ಬಳಕೆಯಲ್ಲಿವೆ.

ವಿಶ್ವವಿದ್ಯಾನಿಲಯ, ವೈದ್ಯಕೀಯ ಕಾಲೇಜು, ತಾಂತ್ರಿಕ ಶಿಕ್ಷಣ ಸಂಸ್ಥೆ ಹಾಗೂ ಮೀನುಗಾರಿಕಾ ಕಾಲೇಜುಗಳು ಒತ್ತೊತ್ತಾಗಿರುವ ಮಂಗಳೂರಿನಂತಹ ನಗರದಲ್ಲಿ ಈ ಸಂಖ್ಯೆಗಳ ಅಗತ್ಯವು ವಿಶೇಷವಾಗಿ ಕಂಡುಬರುತ್ತದೆ. ಇಲ್ಲಿನ ವ್ಯಕ್ತಿನಾಮಗಳ ಸ್ವರೂಪವೂ ಸಂಸ್ಥೆಗಳ ಹೆಸರು ಪದೇ ಪದೇ ಬದಲಾಗಿರುವುದೂ ಇದಕ್ಕೆ ಕಾರಣ.

ಹೆಸರಿನಿಂದ ಗುರುತಿಸುವುದರ ತೊಡಕು

ಗ್ರಂಥಸೂಚಿಗಳು ಲೇಖಕರನ್ನು ಸಾಂಪ್ರದಾಯಿಕವಾಗಿ ಕುಲನಾಮ ಮತ್ತು ಅದರ ಮುಂದಿನ ಮೊದಲಕ್ಷರಗಳಿಂದ ಗುರುತಿಸುತ್ತ ಬಂದಿವೆ. ವೈದ್ಯಕೀಯ ಲೇಖನಗಳ ಪ್ರಮುಖ ಸೂಚಿಯಾದ ಮೆಡ್‌ಲೈನ್ 2002ರ ಮೊದಲು ಲೇಖಕರ ಪೂರ್ಣ ಹೆಸರನ್ನು ದಾಖಲಿಸುತ್ತಲೇ ಇರಲಿಲ್ಲ. ಸುರೇಶ, ಸುಮಿತ್ರಾ, ಶಶಿಕಲಾ, ಶಿವಪ್ರಸಾದ ಎಂಬ ಬೇರೆ ಬೇರೆ ವ್ಯಕ್ತಿಗಳು ಶೆಟ್ಟಿ ಕುಲನಾಮದವರಾಗಿದ್ದರೆ ಅವರೆಲ್ಲರೂ ಆ ಪದ್ಧತಿಯಲ್ಲಿ 'ಶೆಟ್ಟಿ ಎಸ್' ಎಂಬ ಒಂದೇ ರೂಪಕ್ಕೆ ಇಳಿಯುತ್ತಾರೆ. ಕರಾವಳಿಯಲ್ಲಿ ಶೆಟ್ಟಿ, ರೈ, ಭಟ್, ರಾವ್, ಶೆಣೈ, ಕಾಮತ್, ಪೈ, ಪೂಜಾರಿ, ಡಿಸೋಜ, ಪಿಂಟೊ ಮೊದಲಾದ ಕೆಲವೇ ಕುಲನಾಮಗಳನ್ನು ಬಹುಸಂಖ್ಯೆಯ ಜನ ಹಂಚಿಕೊಂಡಿದ್ದಾರೆ. ಒಂದೇ ಕಾಲೇಜಿನ ಒಂದೇ ವಿಭಾಗದಲ್ಲಿ ಒಂದೇ ಮೊದಲಕ್ಷರವುಳ್ಳ ಇಬ್ಬರು ರಾವ್‌ಗಳೋ ಮೂವರು ಶೆಟ್ಟಿಗಳೋ ಇರುವುದು ಇಲ್ಲಿ ಆಶ್ಚರ್ಯದ ಸಂಗತಿಯಲ್ಲ. ಆಗ ಒಬ್ಬರ ಲೇಖನ ಇನ್ನೊಬ್ಬರ ಖಾತೆಗೆ ಸೇರುವುದು ಸುಲಭ.

ಇದಕ್ಕೆ ವಿರುದ್ಧವಾದ ತೊಡಕೂ ಇದೆ. ಒಬ್ಬರೇ ಲೇಖಕರು ಹಲವು ಹೆಸರುಗಳಾಗಿ ಒಡೆದುಹೋಗುತ್ತಾರೆ. ಕನ್ನಡ ಅಥವಾ ತುಳು ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯಲು ಎಲ್ಲರೂ ಪಾಲಿಸುವ ಒಂದು ನಿಯಮವಿಲ್ಲ. 'ಭಟ್' ಎಂಬುದನ್ನು ಒಂದು 'ಟಿ' ಅಕ್ಷರದಿಂದಲೂ ಎರಡು 'ಟಿ' ಅಕ್ಷರಗಳಿಂದಲೂ ಬರೆಯುವವರಿದ್ದಾರೆ. 'ಲಕ್ಷ್ಮಿ'ಯಲ್ಲಿ 'ಕ್ಷ'ಕ್ಕೆ 'ಎಕ್ಸ್' ಬಳಸುವವರೂ 'ಕೆಎಸ್‌ಎಚ್' ಬಳಸುವವರೂ ಇದ್ದಾರೆ. 'ಹೆಗ್ಡೆ', 'ಹೆಗಡೆ', 'ಹೆಗ್ಗಡೆ' ಎಂಬ ಭೇದಗಳು ಕನ್ನಡದಲ್ಲಿಯೇ ಇವೆ. ಮಂಗಳೂರಿನ ಕ್ರೈಸ್ತರ 'ಡಿಸೋಜ', 'ಡಿಸಿಲ್ವ' ಮೊದಲಾದ ಪೋರ್ಚುಗೀಸ್ ಮೂಲದ ಕುಲನಾಮಗಳಲ್ಲಿ 'ಡಿ' ಅಕ್ಷರದ ಬಳಿಕ ಬರುವ ಮೇಲ್ಕೊಕ್ಕೆಯನ್ನು ಕೆಲವು ಗಣಕ ವ್ಯವಸ್ಥೆಗಳು ಸ್ವೀಕರಿಸುವುದಿಲ್ಲ, ಕೆಲವು ಅದನ್ನು ಖಾಲಿ ಜಾಗವಾಗಿ ಬದಲಿಸುತ್ತವೆ, ಮತ್ತೆ ಕೆಲವು 'ಡಿ'ಯನ್ನೇ ಪ್ರತ್ಯೇಕ ಮೊದಲಕ್ಷರವೆಂದು ಭಾವಿಸಿ ಕುಲನಾಮವನ್ನು 'ಸೋಜ' ಎಂದಾಗಿಸುತ್ತವೆ. ಬ್ಯಾರಿ ಸಮುದಾಯದಲ್ಲಿ ಸಾಮಾನ್ಯವಾದ 'ಮುಹಮ್ಮದ್' ಎಂಬ ಹೆಸರಿಗೆ ರೋಮನ್ ಲಿಪಿಯಲ್ಲಿ ಇರುವ ರೂಪಗಳನ್ನು ಎಣಿಸುವುದೇ ಕಷ್ಟ.

ಹೆಸರಿನ ಭಾಗಗಳ ಕ್ರಮವೂ ಸಮಸ್ಯೆಯೇ. ಪ್ರಕಾಶಕರ ಅರ್ಜಿ ನಮೂನೆಗಳು 'ಮೊದಲ ಹೆಸರು' ಮತ್ತು 'ಕೊನೆಯ ಹೆಸರು' ಎಂಬ ಎರಡು ಕೋಶಗಳನ್ನು ಮಾತ್ರ ಒದಗಿಸುತ್ತವೆ. ದಕ್ಷಿಣ ಕನ್ನಡದ ಹೆಸರುಗಳಲ್ಲಿ ಮುಂದಿರುವ ಮೊದಲಕ್ಷರವು ಊರಿನದ್ದಾಗಿರಬಹುದು, ಮನೆತನದ್ದಾಗಿರಬಹುದು, ತಂದೆಯದ್ದಾಗಿರಬಹುದು. ಎಂ. ಗೋವಿಂದ ಪೈ (1883–1963) ಎಂಬಲ್ಲಿನ 'ಎಂ' ಮಂಜೇಶ್ವರವನ್ನು ಸೂಚಿಸುತ್ತದೆ. ಅಳಿಯಸಂತಾನ ಪದ್ಧತಿಯಿದ್ದ ಸಮುದಾಯಗಳಲ್ಲಿ ತಂದೆಯ ಕುಲನಾಮವೊಂದು, ಮಕ್ಕಳದು ಇನ್ನೊಂದು ಆಗಿರುವುದೂ ಉಂಟು. ಕುಲನಾಮವನ್ನೇ ಬಳಸದವರು ತಂದೆಯ ಹೆಸರಿನ ಮೊದಲಕ್ಷರವನ್ನು 'ಕೊನೆಯ ಹೆಸರು' ಎಂಬ ಕೋಶದಲ್ಲಿ ತುಂಬಬೇಕಾಗುತ್ತದೆ. ಅಂತಹ ಲೇಖಕರು ಗ್ರಂಥಸೂಚಿಯಲ್ಲಿ ಒಂದೇ ಅಕ್ಷರದ ಕುಲನಾಮದವರಾಗಿ ಕಾಣಿಸಿಕೊಳ್ಳುತ್ತಾರೆ.

ಈ ತೊಡಕಿನ ಹೊರೆ ಹೆಚ್ಚಾಗಿ ಬೀಳುವುದು ಮಹಿಳೆಯರ ಮೇಲೆ. ಪಿಎಚ್‌ಡಿ ಅಧ್ಯಯನದ ನಡುವೆ ಅಥವಾ ಅದರ ಬಳಿಕ ವಿವಾಹವಾಗಿ ಕುಲನಾಮ ಬದಲಿಸಿಕೊಂಡವರ ಆರಂಭದ ಲೇಖನಗಳು ಒಂದು ಹೆಸರಿನಲ್ಲಿ, ನಂತರದವು ಇನ್ನೊಂದರಲ್ಲಿ ಇರುತ್ತವೆ. ಯುಜಿಸಿಯ 2018ರ ನಿಯಮಾವಳಿಯಂತೆ ಅಧ್ಯಾಪಕರ ನೇಮಕ ಹಾಗೂ ಬಡ್ತಿಯಲ್ಲಿ ಸಂಶೋಧನಾ ಪ್ರಕಟಣೆಗಳಿಗೆ ಅಂಕಗಳಿವೆ. ದತ್ತಸಂಚಯದಲ್ಲಿ ಅರ್ಧ ಪ್ರಕಟಣೆಗಳು ತನ್ನವಲ್ಲದಂತೆ ತೋರಿದರೆ ಅವು ತನ್ನವೇ ಎಂದು ಸಾಧಿಸುವ ಕೆಲಸ ಅರ್ಜಿದಾರರ ಪಾಲಿಗೆ ಬರುತ್ತದೆ.

ಸಂಸ್ಥೆಗಳ ಹೆಸರಿನ ಬದಲಾವಣೆ

ವ್ಯಕ್ತಿಯ ಹೆಸರು ಸಾಲದಾದಾಗ ಆತ ಕೆಲಸ ಮಾಡುವ ಸಂಸ್ಥೆಯ ಹೆಸರಿನ ಸಹಾಯದಿಂದ ಗುರುತಿಸುವುದು ರೂಢಿ. ಮಂಗಳೂರಿನ ಮಟ್ಟಿಗೆ ಆ ಊರುಗೋಲೂ ಗಟ್ಟಿಯಾದುದಲ್ಲ. ಸುರತ್ಕಲ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಕರ್ನಾಟಕ, ಅಂದರೆ ಎನ್‌ಐಟಿಕೆ ಆಯಿತು. ಅಲ್ಲಿ 1990ರ ದಶಕದಲ್ಲಿಯೂ 2010ರ ದಶಕದಲ್ಲಿಯೂ ಕೆಲಸ ಮಾಡಿದ ಪ್ರಾಧ್ಯಾಪಕರು ಒಂದೇ ಆವರಣದಲ್ಲಿದ್ದರೂ ಎರಡು ಬೇರೆ ಸಂಸ್ಥೆಗಳವರಂತೆ ಕಾಣುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದರ ಆವರಣ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿರುವುದರಿಂದ ಲೇಖಕರ ವಿಳಾಸದಲ್ಲಿ ಮಂಗಳೂರು, ಕೊಣಾಜೆ, ಮಂಗಳಗಂಗೋತ್ರಿ ಎಂಬ ಮೂರೂ ಸ್ಥಳನಾಮಗಳು ಬರುತ್ತವೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಮೊದಲಿಗೆ ಬೆಂಗಳೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು, ಈಗ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಡಲ ತೀರದ ಊರಿನ ಮೀನಿನ ಕುರಿತ ಲೇಖನದಲ್ಲಿ ಕಡಲೇ ಇಲ್ಲದ ಬೀದರಿನ ಹೆಸರು ಕಾಣುವುದು ಈ ಕಾರಣದಿಂದ.

2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರ ಬಳಿಕ ಯುಜಿಸಿಯು ದೇಶದ 123 ಪರಿಗಣಿತ ವಿಶ್ವವಿದ್ಯಾಲಯಗಳಿಗೆ ತಮ್ಮ ಹೆಸರಿನಲ್ಲಿ 'ವಿಶ್ವವಿದ್ಯಾಲಯ' ಎಂಬ ಪದವನ್ನು ನೇರವಾಗಿ ಬಳಸದಂತೆ ಸೂಚಿಸಿತು. ಮಂಗಳೂರು ಪರಿಸರದ ಯೆನೆಪೋಯ ಮತ್ತು ನಿಟ್ಟೆ ಸಂಸ್ಥೆಗಳು 'ಪರಿಗಣಿತ ವಿಶ್ವವಿದ್ಯಾಲಯ' ಎಂಬ ಮಾತನ್ನು ಹೆಸರಿನ ಜೊತೆಗೆ ಸೇರಿಸಿಕೊಂಡವು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಾತೃಸಂಸ್ಥೆಯಾದ ಮಣಿಪಾಲದ ಸಂಸ್ಥೆಯು 'ಮಣಿಪಾಲ ವಿಶ್ವವಿದ್ಯಾಲಯ' ಎಂಬ ಹೆಸರನ್ನು ಬಿಟ್ಟು ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಎಂಬ ಮೊದಲಿನ ಹೆಸರಿಗೆ ಮರಳಿತು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಇವೆಲ್ಲಕ್ಕೂ ಮೇಲೆ, 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರೇ 'ಮ್ಯಾಂಗಲೋರ್' ಎಂಬುದರಿಂದ 'ಮಂಗಳೂರು' ಎಂದು ಬದಲಾಯಿತು. ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರು ಮಾತ್ರ ಹಳೆಯ ರೂಪದಲ್ಲಿಯೇ ಉಳಿದಿದೆ.

ಸಂಸ್ಥೆಗಳಿಗೂ ಶಾಶ್ವತ ಗುರುತು ಬೇಕೆಂಬ ಉದ್ದೇಶದಿಂದ 2019ರಲ್ಲಿ ಆರ್‌ಒಆರ್ ಎಂಬ ಮುಕ್ತ ನೋಂದಣಿ ಆರಂಭವಾಯಿತು. ಇದರಲ್ಲಿ ಒಂದು ಸಂಸ್ಥೆಯ ಹಳೆಯ ಹಾಗೂ ಪರ್ಯಾಯ ಹೆಸರುಗಳನ್ನು ಒಂದೇ ಗುರುತಿನ ಅಡಿಯಲ್ಲಿ ದಾಖಲಿಸಲು ಅವಕಾಶವಿದೆ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕವು ಪ್ರಕಟಣೆಗಳ ಎಣಿಕೆಗೆ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ದತ್ತಸಂಚಯಗಳನ್ನು ಅವಲಂಬಿಸಿರುವುದರಿಂದ, ಹೆಸರಿನ ರೂಪಾಂತರಗಳಲ್ಲಿ ಕಳೆದುಹೋದ ಪ್ರತಿಯೊಂದು ಲೇಖನವೂ ಸಂಸ್ಥೆಗೆ ನಷ್ಟವೇ ಆಗಿದೆ.

ಇತಿಹಾಸ

ಲೇಖನಗಳಿಗೆ ಶಾಶ್ವತ ಗುರುತು ದೊರೆತದ್ದು ಲೇಖಕರಿಗಿಂತ ಮೊದಲು. ಡಿಒಐ ಎಂಬ ಗುರುತನ್ನು ವಿದ್ವತ್ ಲೇಖನಗಳಿಗೆ ನೀಡುವ ಕ್ರಾಸ್‌ರೆಫ್ ಸಂಸ್ಥೆ 2000ದಲ್ಲಿ ಆರಂಭವಾಯಿತು. ಲೇಖಕರ ವಿಷಯದಲ್ಲಿ ಮೊದಲ ಪ್ರಯತ್ನಗಳನ್ನು ನಡೆಸಿದವು ವಾಣಿಜ್ಯ ಕಂಪನಿಗಳು. ಎಲ್ಸೆವಿಯರ್‌ನ ಸ್ಕೋಪಸ್ ದತ್ತಸಂಚಯವು ಹೆಸರು, ಸಂಸ್ಥೆ, ವಿಷಯ, ಸಹಲೇಖಕರು ಇವನ್ನು ಹೋಲಿಸಿ ಲೇಖಕರಿಗೆ ತಾನಾಗಿಯೇ ಸಂಖ್ಯೆ ನೀಡುವ ಕ್ರಮವನ್ನು ತಂದಿತು. ಥಾಮ್ಸನ್ ರಾಯ್ಟರ್ಸ್ 2008ರಲ್ಲಿ ರಿಸರ್ಚರ್‌ಐಡಿಯನ್ನು ಆರಂಭಿಸಿತು. ಈ ವಿಭಾಗವು 2016ರಲ್ಲಿ ಮಾರಾಟವಾಗಿ ಕ್ಲಾರಿವೇಟ್ ಎಂಬ ಕಂಪನಿಯಾಯಿತು. ಸಂಶೋಧಕರ ಗುರುತು ಖಾಸಗಿ ಕಂಪನಿಯೊಂದರ ಸ್ವತ್ತಾಗಿದ್ದರೆ ಕಂಪನಿಯ ಜೊತೆಗೆ ಅದೂ ಕೈಬದಲಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಎಲ್ಲರಿಗೂ ಸಾಮಾನ್ಯವಾದ, ಲಾಭದ ಉದ್ದೇಶವಿಲ್ಲದ ವ್ಯವಸ್ಥೆಯೊಂದು ಬೇಕೆಂಬ ಚರ್ಚೆ 2009ರಲ್ಲಿ ರೂಪುಗೊಂಡಿತು. 2010ರಲ್ಲಿ ಆರ್ಕಿಡ್ ಸಂಸ್ಥೆಯು ಅಮೆರಿಕದಲ್ಲಿ ನೋಂದಣಿಯಾಯಿತು ಮತ್ತು 2012ರ ಅಕ್ಟೋಬರ್ 16ರಂದು ಸಂಶೋಧಕರಿಗೆ ಸಂಖ್ಯೆ ನೀಡತೊಡಗಿತು. 2016ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯೂ ಸೇರಿದಂತೆ ಹಲವು ಪ್ರಕಾಶಕರು ಲೇಖನ ಸಲ್ಲಿಸುವವರಿಗೆ ಆರ್ಕಿಡ್ ಸಂಖ್ಯೆ ಕಡ್ಡಾಯವೆಂದು ಘೋಷಿಸಿದರು. 2020ರ ಅಂತ್ಯದ ವೇಳೆಗೆ ನೋಂದಾಯಿತರ ಸಂಖ್ಯೆ 1 ಕೋಟಿಯನ್ನು ದಾಟಿತ್ತು.

ಸಂಖ್ಯೆಯ ರಚನೆ

ಆರ್ಕಿಡ್ ಸಂಖ್ಯೆಯಲ್ಲಿ 16 ಸ್ಥಾನಗಳಿರುತ್ತವೆ. ನಾಲ್ಕು ನಾಲ್ಕರ ಗುಂಪುಗಳ ನಡುವೆ ಅಡ್ಡಗೆರೆ ಬರುತ್ತದೆ. ಲೇಖಕರು, ಸಂಗೀತಗಾರರು ಮೊದಲಾದ ಎಲ್ಲ ಬಗೆಯ ಸೃಜನಶೀಲರನ್ನು ಗುರುತಿಸುವ ಐಎಸ್‌ಎನ್‌ಐ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ (ಐಎಸ್ಒ 27729) ಆರ್ಕಿಡ್‌ಗೆಂದೇ ಸಂಖ್ಯಾಶ್ರೇಣಿಯನ್ನು ಮೀಸಲಿಡಲಾಗಿದೆ. ಆದುದರಿಂದ ಎರಡೂ ವ್ಯವಸ್ಥೆಗಳ ಸಂಖ್ಯೆಗಳು ಒಂದೇ ರೂಪದಲ್ಲಿದ್ದರೂ ಪರಸ್ಪರ ಢಿಕ್ಕಿಯಾಗುವುದಿಲ್ಲ. ಸಂಖ್ಯೆಯ ಅಂಕಿಗಳಲ್ಲಿ ವ್ಯಕ್ತಿಯ ದೇಶ, ಲಿಂಗ, ವಿಷಯ, ಜನ್ಮವರ್ಷ ಯಾವುದರ ಸೂಚನೆಯೂ ಅಡಗಿಲ್ಲ. ಅಂತಹ ಸೂಚನೆಯಿದ್ದರೆ ವಿಷಯ ಬದಲಾದಾಗ ಸಂಖ್ಯೆಯೂ ತಪ್ಪಾಗುತ್ತಿತ್ತು.

ಕೊನೆಯ ಸ್ಥಾನದಲ್ಲಿರುವುದು ತಾಳೆ ನೋಡುವ ಅಂಕಿ. ಆರ್ಕಿಡ್ ಸಂಸ್ಥೆಯೇ ಉದಾಹರಣೆಗಾಗಿ ಬಳಸುವ 0000-0002-1825-0097 ಎಂಬ ಸಂಖ್ಯೆಯಿಂದ ಇದನ್ನು ತಿಳಿಯಬಹುದು. ಈ ಸಂಖ್ಯೆಯ ಒಡೆಯರಾದ ಜೊಸಾಯ ಕಾರ್ಬೆರಿ ಎಂಬವರು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಕಾಲ್ಪನಿಕ ಪ್ರಾಧ್ಯಾಪಕರು; ಬಿರುಕುಬಿಟ್ಟ ಮಡಕೆಗಳ ಅಧ್ಯಯನ ಅವರ ವಿಷಯವೆಂದು 1929ರಿಂದಲೂ ಅಲ್ಲಿ ತಮಾಷೆ ನಡೆದುಬಂದಿದೆ. ಮೊದಲ 15 ಅಂಕಿಗಳನ್ನು ಎಡದಿಂದ ಒಂದೊಂದಾಗಿ ತೆಗೆದುಕೊಂಡು, ಅದುವರೆಗಿನ ಮೊತ್ತಕ್ಕೆ ಕೂಡಿಸಿ, ಬಂದುದನ್ನು ಪ್ರತಿ ಸಲವೂ ಇಮ್ಮಡಿಗೊಳಿಸಬೇಕು. ಆರಂಭದ ಸೊನ್ನೆಗಳಿಂದ ಏನೂ ಆಗದು. 2 ಬಂದಾಗ 4, ಬಳಿಕ 1ರಿಂದ 10, 8ರಿಂದ 36, 2ರಿಂದ 76, 5ರಿಂದ 162, ಎರಡು ಸೊನ್ನೆಗಳಿಂದ 324 ಮತ್ತು 648, ಕೊನೆಗೆ 9ರಿಂದ 1314. ಇದನ್ನು 11ರಿಂದ ಭಾಗಿಸಿದರೆ ಶೇಷ 5. 12ರಲ್ಲಿ 5 ಕಳೆದರೆ 7. ಸಂಖ್ಯೆಯ ಕೊನೆಯ ಅಂಕಿ ಅದೇ. (ಕಳೆದಾಗ ಬಂದದ್ದು 11 ಅಥವಾ 12 ಆದರೆ ಅದರಿಂದ 11ನ್ನು ಮತ್ತೆ ಕಳೆಯಬೇಕು.) ಉತ್ತರ 10 ಬಂದಾಗ ಒಂದೇ ಸ್ಥಾನದಲ್ಲಿ ಅದನ್ನು ಬರೆಯಲಾಗದ ಕಾರಣ 'ಎಕ್ಸ್' ಎಂಬ ರೋಮನ್ ಅಕ್ಷರವನ್ನು ಬಳಸಲಾಗುತ್ತದೆ. ಬೆರಳಚ್ಚಿಸುವಾಗ ಒಂದು ಅಂಕಿ ತಪ್ಪಿದರೆ ಅಥವಾ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಲೆಕ್ಕ ತಾಳೆಯಾಗದೆ ತಪ್ಪು ತಕ್ಷಣ ಹೊರಬೀಳುತ್ತದೆ.

ಕಾರ್ಯವಿಧಾನ

ಸಂಶೋಧಕರಿಗೆ ಆರ್ಕಿಡ್ ನೋಂದಣಿ ಉಚಿತ. ವೆಚ್ಚವನ್ನು ಸದಸ್ಯತ್ವ ಪಡೆದ ವಿಶ್ವವಿದ್ಯಾಲಯಗಳು, ಪ್ರಕಾಶಕರು ಮತ್ತು ಅನುದಾನ ಸಂಸ್ಥೆಗಳ ಶುಲ್ಕದಿಂದ ಭರಿಸಲಾಗುತ್ತದೆ. ಹೆಸರು, ಇಮೇಲ್ ವಿಳಾಸ ಮತ್ತು ಗುಪ್ತಪದ ನೀಡಿದರೆ ಕೆಲವೇ ನಿಮಿಷಗಳಲ್ಲಿ ಸಂಖ್ಯೆ ದೊರೆಯುತ್ತದೆ. ಸಂಸ್ಥೆಯ ಇಮೇಲ್ ಜೊತೆಗೆ ಖಾಸಗಿ ಇಮೇಲ್ ಒಂದನ್ನೂ ನಮೂದಿಸುವುದು ಅಗತ್ಯ; ಪಿಎಚ್‌ಡಿ ಮುಗಿಸಿ ಹೊರಟ ವಿದ್ಯಾರ್ಥಿಯ ವಿಶ್ವವಿದ್ಯಾಲಯದ ಇಮೇಲ್ ಸ್ಥಗಿತಗೊಂಡಾಗ ಖಾತೆಯೂ ಕೈತಪ್ಪುವ ಸಾಧ್ಯತೆ ಇದೆ. ಅದನ್ನು ತಿಳಿಯದವರು ಹೊಸ ಸಂಖ್ಯೆ ಪಡೆಯುತ್ತಾರೆ, ಆಗ ಒಬ್ಬರಿಗೆ ಎರಡು ಸಂಖ್ಯೆಗಳಾಗುತ್ತವೆ. ಹಾಗಾದಲ್ಲಿ ಒಂದನ್ನು ಇನ್ನೊಂದಕ್ಕೆ ವಿಲೀನಗೊಳಿಸಬಹುದು. ರದ್ದಾದ ಸಂಖ್ಯೆಯನ್ನು ತೆರೆದರೆ ಉಳಿದ ಸಂಖ್ಯೆಯತ್ತ ದಾರಿ ತೋರಿಸಲಾಗುತ್ತದೆ.

ಲೇಖನವೊಂದನ್ನು ನಿಯತಕಾಲಿಕೆಗೆ ಸಲ್ಲಿಸುವಾಗ ಲೇಖಕರು ಸಂಖ್ಯೆಯನ್ನು ಕೈಯಿಂದ ಬರೆಯುವುದಕ್ಕಿಂತ ಆರ್ಕಿಡ್ ಖಾತೆಗೆ ಪ್ರವೇಶಿಸಿ ದೃಢೀಕರಿಸುವುದು ಸರಿಯಾದ ಕ್ರಮ. ಲೇಖನ ಪ್ರಕಟವಾದಾಗ ಪ್ರಕಾಶಕರು ಡಿಒಐ ಜೊತೆಗೆ ಲೇಖಕರ ಸಂಖ್ಯೆಯನ್ನೂ ಕ್ರಾಸ್‌ರೆಫ್‌ಗೆ ಕಳುಹಿಸುತ್ತಾರೆ. ಲೇಖಕರ ಅನುಮತಿ ಇದ್ದಲ್ಲಿ ಕ್ರಾಸ್‌ರೆಫ್ ಆ ಲೇಖನವನ್ನು ಅವರ ಆರ್ಕಿಡ್ ದಾಖಲೆಗೆ ತಾನಾಗಿಯೇ ಸೇರಿಸುತ್ತದೆ. ಈ ಸೌಲಭ್ಯ 2015ರಿಂದ ಇದೆ. ದತ್ತಾಂಶ ಸಂಗ್ರಹಗಳಿಗೆ ಡಿಒಐ ನೀಡುವ ಡೇಟಾಸೈಟ್ ಸಂಸ್ಥೆಯೂ ಇದೇ ರೀತಿ ಮಾಡುತ್ತದೆ. ದಾಖಲೆಯ ಪ್ರತಿಯೊಂದು ಅಂಶದ ಬಳಿ ಅದನ್ನು ಯಾರು ಸೇರಿಸಿದರು ಎಂಬುದು ನಮೂದಾಗಿರುತ್ತದೆ. ಪ್ರತಿಯೊಂದು ಅಂಶವನ್ನು ಎಲ್ಲರಿಗೂ, ವಿಶ್ವಾಸಾರ್ಹ ಸಂಸ್ಥೆಗಳಿಗೆ ಮಾತ್ರ ಅಥವಾ ತನಗೆ ಮಾತ್ರ ಕಾಣುವಂತೆ ಇರಿಸುವ ಅಧಿಕಾರ ಸಂಶೋಧಕರದ್ದು.

ಪ್ರಯೋಜನಗಳು

ಮೊದಲ ಪ್ರಯೋಜನ ಮೇಲೆ ವಿವರಿಸಿದ ಹೆಸರಿನ ಗೊಂದಲದ ನಿವಾರಣೆ. ಆರ್ಕಿಡ್ ದಾಖಲೆಯಲ್ಲಿ 'ಇತರ ಹೆಸರುಗಳು' ಎಂಬ ಭಾಗವಿದ್ದು, ವಿವಾಹಪೂರ್ವದ ಹೆಸರು, ಮೊದಲಕ್ಷರಗಳ ಬೇರೆ ಬೇರೆ ರೂಪಗಳು, ಕನ್ನಡ ಲಿಪಿಯಲ್ಲಿನ ಹೆಸರು ಎಲ್ಲವನ್ನೂ ಅಲ್ಲಿ ನಮೂದಿಸಬಹುದು. ಹಳೆಯ ಹೆಸರನ್ನು ಬಹಿರಂಗಪಡಿಸಲು ಇಷ್ಟವಿಲ್ಲದವರು ಅದನ್ನು ಮರೆಮಾಡಿಯೂ ಲೇಖನಗಳನ್ನು ತಮ್ಮ ಸಂಖ್ಯೆಗೆ ಜೋಡಿಸಬಹುದು.

ಎರಡನೆಯದು ಶ್ರಮದ ಉಳಿತಾಯ. ಅನುದಾನದ ಅರ್ಜಿ, ನೇಮಕಾತಿಯ ಅರ್ಜಿ, ವಿಭಾಗದ ವಾರ್ಷಿಕ ವರದಿ, ನ್ಯಾಕ್ ಮೌಲ್ಯಮಾಪನದ ಕಡತ ಹೀಗೆ ಒಂದೇ ಪ್ರಕಟಣಾ ಪಟ್ಟಿಯನ್ನು ಅಧ್ಯಾಪಕರು ವರ್ಷಕ್ಕೆ ಹಲವು ಸಲ ಬೇರೆ ಬೇರೆ ನಮೂನೆಗಳಲ್ಲಿ ತುಂಬುತ್ತಾರೆ. ಪಟ್ಟಿಯು ಒಂದೆಡೆ ಸರಿಯಾಗಿದ್ದು ಉಳಿದ ವ್ಯವಸ್ಥೆಗಳು ಅಲ್ಲಿಂದಲೇ ಪಡೆಯುವಂತಾದರೆ ಈ ಹೊರೆ ಇಳಿಯುತ್ತದೆ. ಅರ್ಜಿಗಳನ್ನು ಕಾಗದದಲ್ಲಿಯೇ ಕೇಳುವ ಕಚೇರಿಗಳಿರುವವರೆಗೆ ಈ ಪ್ರಯೋಜನ ಪೂರ್ಣವಾಗಿ ಸಿಗುವುದಿಲ್ಲ ಎಂಬುದೂ ನಿಜ.

ಸಂಸ್ಥೆಯಿಂದ ಸಂಸ್ಥೆಗೆ ಹೋಗುವವರಿಗೆ ಇದರ ಉಪಯೋಗ ಹೆಚ್ಚು. ಮಂಗಳೂರಿನಲ್ಲಿ ಪಿಎಚ್‌ಡಿ ಪಡೆದು ಬೆಂಗಳೂರಿನಲ್ಲಿ ಕೆಲಸ ಮಾಡಿ ಬಳಿಕ ಕೊಲ್ಲಿ ರಾಷ್ಟ್ರಗಳಿಗೋ ಯುರೋಪಿಗೋ ತೆರಳುವ ಸಂಶೋಧಕರಿಗೆ ಹಳೆಯ ವಿಭಾಗದ ಜಾಲಪುಟದಲ್ಲಿದ್ದ ಪರಿಚಯ ಅಳಿಸಿಹೋದರೂ ಸಂಖ್ಯೆಗೆ ಜೋಡಿಸಿದ ದಾಖಲೆ ಉಳಿಯುತ್ತದೆ. ಲೇಖನ, ಗ್ರಂಥ ಮಾತ್ರವಲ್ಲದೆ ದತ್ತಾಂಶ ಸಂಗ್ರಹ, ತಂತ್ರಾಂಶ, ಇತರರ ಲೇಖನಗಳ ಪರಿಶೀಲನೆ ಮೊದಲಾದ, ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದ ದುಡಿಮೆಯನ್ನೂ ಅದರಲ್ಲಿ ದಾಖಲಿಸಬಹುದು. ಹಲವಾರು ಲೇಖಕರಿರುವ ಪ್ರಬಂಧದಲ್ಲಿ ಪ್ರಯೋಗಾಲಯದ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ನಡುವಿನಲ್ಲೆಲ್ಲೋ ಇದ್ದರೂ ಸಂಖ್ಯೆಯ ಮೂಲಕ ಆತನ ಪಾಲು ಆತನಿಗೆ ಸೇರುತ್ತದೆ.

ಭಾರತದ ವ್ಯವಸ್ಥೆಗಳು

ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವನ್ನು ನಿರ್ವಹಿಸುತ್ತದೆ. ಅದರ ವಿದ್ವಾನ್ ದತ್ತಸಂಚಯವು ದೇಶದ ಅಧ್ಯಾಪಕರು ಹಾಗೂ ವಿಜ್ಞಾನಿಗಳ ಪರಿಚಯವನ್ನು ಸಂಗ್ರಹಿಸಿ ಪ್ರತಿಯೊಬ್ಬರಿಗೂ ವಿದ್ವಾನ್ ಸಂಖ್ಯೆಯನ್ನು ನೀಡುತ್ತದೆ. ಐರಿನ್ಸ್ ಎಂಬ ಇನ್ನೊಂದು ಸೇವೆಯು ಸಂಸ್ಥೆಗಳಿಗೆ ತಮ್ಮ ಅಧ್ಯಾಪಕರ ಪ್ರಕಟಣೆಗಳನ್ನು ಒಂದೆಡೆ ತೋರಿಸಲು ನೆರವಾಗುತ್ತದೆ. ಆರ್ಕಿಡ್, ಸ್ಕೋಪಸ್, ಗೂಗಲ್ ಸ್ಕಾಲರ್ ಮೊದಲಾದ ಗುರುತುಗಳನ್ನು ಅದರಲ್ಲಿ ಜೋಡಿಸಲಾಗುತ್ತದೆ.

ಪಿಎಚ್‌ಡಿ ಮಹಾಪ್ರಬಂಧಗಳ ಸಂಗ್ರಹವಾದ ಶೋಧಗಂಗಾ ಕೂಡ ಇದೇ ಕೇಂದ್ರದ್ದು. ಯುಜಿಸಿಯ 2009ರ ನಿಯಮಾವಳಿಯು ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಮಂಗಳೂರು ವಿಶ್ವವಿದ್ಯಾನಿಲಯದ ಮಹಾಪ್ರಬಂಧಗಳೂ ಇದರಲ್ಲಿವೆ. ಶೋಧಗಂಗೆಯ ಪ್ರತಿಯೊಂದು ಮಹಾಪ್ರಬಂಧಕ್ಕೆ 10603 ಎಂಬ ಪೂರ್ವಸಂಖ್ಯೆಯಿಂದ ಆರಂಭವಾಗುವ ಹ್ಯಾಂಡಲ್ ಎಂಬ ಶಾಶ್ವತ ವಿಳಾಸವಿರುತ್ತದೆ. ಡಿಒಐ ಇಲ್ಲದಿದ್ದರೂ ಈ ವಿಳಾಸವನ್ನು ಬಳಸಿ ಮಹಾಪ್ರಬಂಧವನ್ನು ಆರ್ಕಿಡ್ ದಾಖಲೆಗೆ ಸೇರಿಸಬಹುದು.

ಇವುಗಳನ್ನು ವಿದ್ಯಾರ್ಥಿಗಳ ಅಪಾರ್ ಸಂಖ್ಯೆ ಅಥವಾ ಆಧಾರ್ ಸಂಖ್ಯೆಯೊಂದಿಗೆ ಹೋಲಿಸಬಾರದು. ಆಧಾರ್ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಆಧರಿಸಿದ 12 ಅಂಕಿಗಳ ಸಂಖ್ಯೆ. ಆರ್ಕಿಡ್‌ಗೆ ಯಾವ ಸರಕಾರಿ ಗುರುತುಪತ್ರವೂ ಬೇಕಿಲ್ಲ, ಅದರ ಸಂಖ್ಯೆಯನ್ನು ಗುಟ್ಟಾಗಿಡಬೇಕಾಗಿಯೂ ಇಲ್ಲ. ಲೇಖನದ ಮೊದಲ ಪುಟದಲ್ಲಿ ಅಚ್ಚಾಗುವುದೇ ಅದರ ಉದ್ದೇಶ.

ಕನ್ನಡ ಮತ್ತು ತುಳು ಅಧ್ಯಯನ

ವಿಜ್ಞಾನ, ವೈದ್ಯಕೀಯ ಹಾಗೂ ತಂತ್ರಜ್ಞಾನ ವಿಷಯಗಳಲ್ಲಿ ದಾಖಲೆ ತಾನಾಗಿಯೇ ತುಂಬಿಕೊಳ್ಳುತ್ತದೆ; ಕನ್ನಡದಲ್ಲಿ ಬರೆಯುವವರಿಗೆ ಹಾಗಾಗುವುದಿಲ್ಲ. ಕನ್ನಡದ ಬಹುಪಾಲು ಸಂಶೋಧನಾ ಪತ್ರಿಕೆಗಳು, ಅಭಿನಂದನ ಗ್ರಂಥಗಳು, ವಿಚಾರಸಂಕಿರಣದ ಸಂಪುಟಗಳು ಡಿಒಐ ಪಡೆದಿಲ್ಲ. ಕರಾವಳಿಯ ಶಾಸನಗಳು, ಯಕ್ಷಗಾನ ಪ್ರಸಂಗಗಳು, ಪಾಡ್ದನಗಳು, ಭೂತಾರಾಧನೆ ಇವುಗಳ ಕುರಿತ ಮಹತ್ವದ ಬರಹಗಳು ಇರುವುದು ಇಂತಹ ಸಂಪುಟಗಳಲ್ಲಿ. ಆದ್ದರಿಂದ ಗುರುತಿನ ಸಂಖ್ಯೆಯಿದ್ದರೂ ಮಂಗಳೂರು ವಿಶ್ವವಿದ್ಯಾನಿಲಯದ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆಯಂತಹ ವಿಭಾಗಗಳಲ್ಲಿ ಕನ್ನಡದಲ್ಲಿ ಬರೆಯುವ ವಿದ್ವಾಂಸರ ದಾಖಲೆ, ತಾವೇ ತುಂಬದಿದ್ದಲ್ಲಿ, ಬಹುಮಟ್ಟಿಗೆ ಬರಿದಾಗಿಯೇ ತೋರುತ್ತದೆ. ಅದೇ ಆವರಣದ ಜೀವವಿಜ್ಞಾನ ವಿಭಾಗದವರ ದಾಖಲೆಯೊಂದಿಗೆ ಅದನ್ನು ಹೋಲಿಸಿ ತೀರ್ಮಾನಕ್ಕೆ ಬರುವುದು ಅನ್ಯಾಯವಾಗುತ್ತದೆ.

ಇದಕ್ಕೆ ಇರುವ ದಾರಿ ಕೈಯಿಂದ ನಮೂದಿಸುವುದು. ಆರ್ಕಿಡ್ ದಾಖಲೆಯಲ್ಲಿ ಕೃತಿಯ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿಯೇ ಬರೆದು, ಅನುವಾದಿತ ಶೀರ್ಷಿಕೆಯನ್ನು ಪ್ರತ್ಯೇಕವಾಗಿ ನೀಡಲು ಸ್ಥಳವಿದೆ. ಪುಸ್ತಕವಾದರೆ ಐಎಸ್‌ಬಿಎನ್ ಸಾಕು; ಭಾರತದಲ್ಲಿ ಇದನ್ನು ಹೊಸದಿಲ್ಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಉಚಿತವಾಗಿ ನೀಡುತ್ತದೆ. ಪತ್ರಿಕೆಗಳ ಸಂಪಾದಕರು ಲೇಖಕರ ಸಂಖ್ಯೆಯನ್ನು ಲೇಖನದ ಅಡಿಯಲ್ಲಿ ಅಚ್ಚು ಹಾಕತೊಡಗಿದರೆ, ಡಿಒಐ ಇಲ್ಲದಿದ್ದರೂ ಮುಂದೆ ಆ ಲೇಖನಗಳನ್ನು ಗಣಕಕ್ಕೆ ಏರಿಸುವವರಿಗೆ ಲೇಖಕರು ಯಾರೆಂಬ ಸಂದೇಹ ಉಳಿಯುವುದಿಲ್ಲ.

ಗತಿಸಿದ ಲೇಖಕರು

ಆರ್ಕಿಡ್ ಸಂಖ್ಯೆಯನ್ನು ಸಂಶೋಧಕರು ಸ್ವತಃ ಪಡೆಯಬೇಕಾಗಿರುವುದರಿಂದ ಗತಿಸಿದವರಿಗೆ ಅದು ಅನ್ವಯಿಸುವುದಿಲ್ಲ. ಅವರಿಗಾಗಿ ಐಎಸ್‌ಎನ್‌ಐ, ರಾಷ್ಟ್ರೀಯ ಗ್ರಂಥಾಲಯಗಳ ಸೂಚಿಗಳನ್ನು ಒಗ್ಗೂಡಿಸುವ ವಿಐಎಎಫ್ ಮತ್ತು 2012ರಲ್ಲಿ ಆರಂಭವಾದ ವಿಕಿಡೇಟಾ ಇವೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರು ಕನ್ನಡ, ಜರ್ಮನ್, ಇಂಗ್ಲಿಷ್ ಸೂಚಿಗಳಲ್ಲಿ ಬೇರೆ ಬೇರೆ ರೂಪಗಳಲ್ಲಿದ್ದರೂ ಇಂತಹ ಸಂಖ್ಯೆಯು ಅವುಗಳನ್ನು ಒಂದಾಗಿಸುತ್ತದೆ. ಕರಾವಳಿಯ ಲೇಖಕರಲ್ಲಿ ಕಾವ್ಯನಾಮದ ಬಳಕೆಯೂ ಹೆಚ್ಚು. 'ಕವಿಶಿಷ್ಯ' ಎಂದರೆ ಪಂಜೆ ಮಂಗೇಶರಾಯರು (1874–1937). 'ಮುದ್ದಣ' ಎಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901). ಮುದ್ದಣನಂತೂ ತನ್ನ ಕೃತಿಗಳನ್ನು ಹಳೆಯ ಹಸ್ತಪ್ರತಿಗಳೆಂಬಂತೆ ಕಳುಹಿಸಿ ತನ್ನ ಕರ್ತೃತ್ವವನ್ನೇ ಮರೆಮಾಡಿದವನು. ಅವನ ಕೃತಿಗಳು ಅವನವೇ ಎಂದು ನಿರ್ಣಯಿಸಿದ್ದು ವಿದ್ವಾಂಸರ ಪರಿಶೋಧನೆ. ಗುರುತಿನ ಸಂಖ್ಯೆಯು ಅಂತಹ ನಿರ್ಣಯವನ್ನು ದಾಖಲಿಸಬಲ್ಲದು, ಸ್ವತಃ ನಿರ್ಣಯಿಸಲಾರದು.

ಮಿತಿಗಳು ಮತ್ತು ಆಕ್ಷೇಪಗಳು

ಆರ್ಕಿಡ್ ನೋಂದಣಿಯ ಸಮಯದಲ್ಲಿ ವ್ಯಕ್ತಿಯ ನಿಜತ್ವವನ್ನು ಪರಿಶೀಲಿಸಲಾಗುವುದಿಲ್ಲ. ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಖಾತೆ ತೆರೆಯಬಹುದು, ತಾನು ಬರೆಯದ ಲೇಖನವನ್ನೂ ಸೇರಿಸಬಹುದು. ಹಣ ಪಡೆದು ಲೇಖನ ತಯಾರಿಸಿಕೊಡುವ ದಂಧೆಯವರು ಇದನ್ನು ದುರುಪಯೋಗಪಡಿಸಿಕೊಂಡಿರುವುದೂ ಬೆಳಕಿಗೆ ಬಂದಿದೆ. ಆದ್ದರಿಂದ ದಾಖಲೆಯನ್ನು ಓದುವವರು ಪ್ರತಿ ಅಂಶವನ್ನು ಸಂಶೋಧಕರೇ ಸೇರಿಸಿದ್ದೇ ಅಥವಾ ಪ್ರಕಾಶಕರು, ವಿಶ್ವವಿದ್ಯಾಲಯಗಳು ಸೇರಿಸಿದ್ದೇ ಎಂಬುದನ್ನು ಗಮನಿಸಬೇಕು. ಸಂಖ್ಯೆ ಇದೆ ಎಂಬುದು ಅರ್ಹತೆಯ ಪ್ರಮಾಣವಲ್ಲ.

ಸ್ಕೋಪಸ್‌ನಂತಹ ಸ್ವಯಂಚಾಲಿತ ವ್ಯವಸ್ಥೆಗಳು ಇಬ್ಬರನ್ನು ಒಬ್ಬರೆಂದೋ ಒಬ್ಬರನ್ನು ಇಬ್ಬರೆಂದೋ ತಪ್ಪಾಗಿ ಭಾವಿಸುತ್ತವೆ. ಲೇಖಕರು ಮನವಿ ಸಲ್ಲಿಸಿ ಇದನ್ನು ಸರಿಪಡಿಸಬಹುದು. ಗೂಗಲ್ ಸ್ಕಾಲರ್‌ನ ಪರಿಚಯಪುಟದಲ್ಲಿ ತಾನಾಗಿ ಲೇಖನ ಸೇರಿಸುವ ಆಯ್ಕೆಯನ್ನು ಹಾಗೆಯೇ ಬಿಟ್ಟರೆ, ಸಾಮಾನ್ಯ ಕುಲನಾಮದವರ ಪುಟದಲ್ಲಿ ಅಪರಿಚಿತರ ಲೇಖನಗಳು ಬಂದು ಸೇರುವುದು ಅಪರೂಪವಲ್ಲ. ನೋಂದಾಯಿಸಿ ಖಾಲಿ ಬಿಟ್ಟ ಆರ್ಕಿಡ್ ದಾಖಲೆಗಳೂ ಬಹಳ. ಸಂಸ್ಥೆಯ ಸುತ್ತೋಲೆಗೆ ಮಣಿದು ಕೇವಲ ಸಂಖ್ಯೆಯನ್ನು ಪಡೆದವರಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.

ಸಂಶೋಧಕರ ಎಲ್ಲ ಚಟುವಟಿಕೆಗಳು ಒಂದೇ ಸಂಖ್ಯೆಯಡಿ ಬರುವುದರಿಂದ ಅವರನ್ನು ಅಳೆಯುವುದೂ ಹೋಲಿಸುವುದೂ ಸುಲಭವಾಗುತ್ತದೆ ಎಂಬ ಆಕ್ಷೇಪವಿದೆ. ಆರ್ಕಿಡ್ ತಾನಾಗಿ ಯಾವ ಅಂಕವನ್ನೂ ಶ್ರೇಯಾಂಕವನ್ನೂ ನೀಡುವುದಿಲ್ಲ; ಆದರೆ ಅದರ ಸಾರ್ವಜನಿಕ ದತ್ತಾಂಶವನ್ನು ಪ್ರತಿವರ್ಷ ಎಲ್ಲರ ಬಳಕೆಗೆ ಮುಕ್ತವಾಗಿ ಬಿಡುಗಡೆ ಮಾಡಲಾಗುತ್ತದೆ, ಅದರಿಂದ ಇತರರು ಏನನ್ನು ಎಣಿಸುತ್ತಾರೆ ಎಂಬುದು ಆರ್ಕಿಡ್‌ನ ಕೈಯಲ್ಲಿಲ್ಲ. ಕಾಣದಿರಲಿ ಎಂದು ಬಯಸುವ ವಿವರಗಳನ್ನು ಬಹಿರಂಗಪಡಿಸುವ ಮೊದಲೇ ಮರೆಮಾಡಬೇಕು, ಏಕೆಂದರೆ ಒಮ್ಮೆ ಬಿಡುಗಡೆಯಾದ ವಾರ್ಷಿಕ ಕಡತದಿಂದ ಅವನ್ನು ಹಿಂತೆಗೆದುಕೊಳ್ಳಲಾಗದು.